ಹೋಳಿಗೆ ತಿಂದವರು ಯಾರು?

ಜಾನ್ಸ್ ಕ್ರೀಕ್, ಜಾರ್ಜಿಯಾ
ಜನವರಿ ೧೮, ೨೦೨೧

ಶ್ರೀ ಕಲ್ಮೇಶ್ ಅವರಿಗೆ ನಮಸ್ಕಾರ.

ನಾನು ಬದರಿನಾಥ, ನಮ್ಮ ಆಗ್ನೇಯ ಕನ್ನಡ ಬಳಗದ ‘ಹೊಂಗೆ’ ಪತ್ರಿಕೆಗೆ ಪ್ರತಿ ದೀಪಾವಳಿಗೂ ಗೂಢ ಪದಬಂಧ ಕಟ್ಟುವವನು. ನಿಮಗೆ ಮೊದಲು ಅಭಿನಂದನೆ, ಆಮೇಲೆ ಒಂದು ಬೈಗುಳ. ಬಂದ ನಲವತ್ತೊಂದು ಉತ್ತರಗಳಲ್ಲಿ ನಿಮ್ಮದೊಂದೇ ಪೂರ್ತಿ ಸರಿ, ಅದಕ್ಕೆ ಅಭಿನಂದನೆ. ಹದಿನಾಲ್ಕು ವರ್ಷದಿಂದ ಯಾರೂ ನನ್ನನ್ನು ಸೋಲಿಸಿರಲಿಲ್ಲ, ನೀವು ಸೋಲಿಸಿಬಿಟ್ಟಿರಿ, ಅದಕ್ಕೆ ಬೈಗುಳ!

ಚಿನ್ನಿ ಒಬ್ಬಳೇ ಬೇಳೆ ಬೇಯಿಸಿ, ಬೆಲ್ಲ ಕುಟ್ಟಿ, ಹೋಳಿಗೆ ಮಾಡುವ ಆ ಮಕ್ಕಳ ಹಾಡು ನಮ್ಮ ಜನಕ್ಕೆ ಇಷ್ಟು ಮರೆತುಹೋಗಿರುತ್ತೆ ಅಂದುಕೊಂಡಿರಲಿಲ್ಲ. ‘ಹಿಂದಿನಿಂದ ನಾದಿದರೂ ಮುಂದಿನಿಂದ ನಾದಿದರೂ ಅದೇ ಹಿಟ್ಟು, ಮೂರಕ್ಷರ’ ಅಂತ ಸುಳಿವು ಕೊಟ್ಟರೆ ಡುಲುತ್‌ನ ಒಬ್ಬ ಮಹಾನುಭಾವರು ‘ಮೈದಾ’ ಅಂತ ಬರೆದು, ಉಳಿದ ಮನೆಗೆ ಒಂದು ಗೀಟು ಎಳೆದು ಕಳಿಸಿದ್ದಾರೆ. ‘ಕಣಕ’ ಹೊಳೆದದ್ದು ಒಂಬತ್ತೇ ಜನಕ್ಕೆ. ‘ಹೋಳಿಗೆಯ ಹೊಟ್ಟೆಯಲ್ಲಿ ಮಲ್ಲಿಗೆಯೂ ಯುದ್ಧವೂ’ ಅನ್ನುವುದಕ್ಕೆ ಹೂವನ್ನೂ ರಣವನ್ನೂ ಸೇರಿಸಿ ‘ಹೂರಣ’ ಅಂದವರು ನಾಲ್ಕೇ ಜನ. ನಟ್ಟನಡುವೆ ಸುಳಿವಿಲ್ಲದ ಎರಡು ಮನೆ ಬಿಟ್ಟಿದ್ದೆನಲ್ಲ, ಹಾಡಿನ ಕೊನೆಯ ಪ್ರಶ್ನೆ, ಹೋಳಿಗೆ ತಿಂದವರು ಯಾರು ಅಂತ? ಅದನ್ನ ಎಲ್ಲರೂ ಖಾಲಿ ಬಿಟ್ಟಿದ್ದಾರೆ, ಇಲ್ಲವೇ ‘ಚಿನ್ನಿ’ ಅಂತ ತುಂಬಿದ್ದಾರೆ. ಹಾಡಿನ ಕೊನೆಗೆ ಬಂದು ತಿನ್ನುವ ಹುಡುಗ ‘ಗುಂಡ’ ಅಂತ ಸರಿಯಾಗಿ ಬರೆದವರು ನೀವೊಬ್ಬರೇ.

ನಿಯಮ ನಿಮಗೆ ಗೊತ್ತೇ ಇದೆ. ಪೂರ್ತಿ ಬಿಡಿಸಿದವರು ಮುಂದಿನ ದೀಪಾವಳಿಯ ಪದಬಂಧವನ್ನ ತಮ್ಮ ಹೆಸರಿನಲ್ಲಿ ಕಟ್ಟಬೇಕು. ಯುಗಾದಿ ಸಂಚಿಕೆಯಲ್ಲಿ ಪ್ರಕಟಣೆ ಬರುತ್ತೆ. ಇಮೇಲ್ ನನಗೆ ಆಗಿಬರಲ್ಲ, ದಯವಿಟ್ಟು ಕಾಗದದಲ್ಲೇ ಉತ್ತರಿಸಿ.

ಇತಿ,
ಬದರಿನಾಥ


ರಾಲಿ, ನಾರ್ತ್ ಕ್ಯಾರೊಲೈನಾ
ಜನವರಿ ೨೬, ೨೦೨೧

ಬದರಿನಾಥ ಅಂಕಲ್‌ಗೆ ಶರಣು.

ಪತ್ರ ಓದಿ ನಕ್ಕೆ, ಆಮ್ಯಾಲ ಸಿಟ್ಟೂ ಬಂತು. ಪದಬಂಧ ಬಿಡಿಸಿದವರು ಕಲ್ಮೇಶ್ ಅಲ್ರಿ. ನಾನು. ನನ್ನ ಹೆಸರು ಗಂಗಾಂಬಿಕಾ. ಉತ್ತರದ ಹಾಳಿ ಕೆಳಗ ಸಹಿ ಐತಿ, ಬೇಕಾದ್ರ ಚಸ್ಮಾ ಹಾಕ್ಕೊಂಡು ನೋಡ್ರಿ. ಬಳಗದ ಪಟ್ಟಿಯೊಳಗ ಮನಿ ಯಜಮಾನನ ಹೆಸರಷ್ಟ ಇರ್ತೈತಿ, ಸದಸ್ಯತ್ವದ ನಂಬರ್ ನೋಡಿ ನೀವು ಅವರಿಗೆ ಬರದೀರಿ ಅನ್ನೂದು ತಿಳೀತು. ಕಲ್ಮೇಶ್ ಅವರಿಗೆ ಪದಬಂಧ ಅಂದ್ರ ಪೇಪರಿನ್ಯಾಗ ಕ್ರಿಕೆಟ್ ಸುದ್ದಿ ಪಕ್ಕದ ಕರಿ ಬಿಳಿ ಡಬ್ಬಿ, ಅಷ್ಟ.

ನಾನು ಇಲ್ಲೆ ಒಂದು ಆಸ್ಪತ್ರಿಯ ಬ್ಲಡ್ ಲ್ಯಾಬಿನ್ಯಾಗ ಕೆಲಸ ಮಾಡ್ತೀನಿ. ಮಷಿನ್ ಸ್ಯಾಂಪಲ್ ತಿರಗಸೂದಕ್ಕ ಹತ್ತು ಮಿನಿಟು ಹಿಡೀತೈತಿ. ಆ ಹತ್ತು ಮಿನಿಟಿನ್ಯಾಗ ಗ್ಲೌಸ್ ತಗದು, ಕೈ ತೊಳಕೊಂಡು, ಬ್ರೇಕ್ ರೂಮಿಗೆ ಹೋಗಿ ಒಂದು ಸುಳಿವು ನೋಡೂದು. ಮತ್ತ ಕೈ ತೊಳಕೊಂಡು, ಗ್ಲೌಸ್ ಹಾಕ್ಕೊಂಡು, ಕೆಲಸದಾಗ ಅದನ್ನ ತಲಿಯೊಳಗ ತಿರುವ್ಯಾಡೂದು. ಈ ಕೊರೋನಾ ಗದ್ದಲದಾಗ ಐದು ವಾರ ಹಿಂಗ ಬಿಡಿಸೀನ್ರಿ. ಹೂರಣ ಸಿಕ್ಕ ದಿನ ಖುಷಿಗೆ ಒಬ್ಬಾಕಿನ ಎದ್ದು ನಿಂತಿದ್ದೆ. ಬಾಜೂಕಿನ ನರ್ಸ್ ಯಾರಾದ್ರೂ ಹೋದ್ರೇನು ಅಂತ ಗಾಬರಿಯಾಗಿ ಕೇಳಿದ್ಲು.

ದೀಪಾವಳಿ ಪದಬಂಧ ನಾನ ಕಟ್ಟಾಕಿ. ಹನ್ನೊಂದು ವರ್ಷದ ಆಸೆ ಐತಿ, ಬಿಡೂದಿಲ್ಲ. ಯುಗಾದಿ ಸಂಚಿಕ್ಯಾಗ ಹೆಸರು ಸರಿಯಾಗಿ ಹಾಕಸ್ರಿ. ಕಲ್ಮೇಶ್ ಈಗ ವರ್ಜೀನಿಯಾದ ಆಶ್ಬರ್ನ್‌ನ್ಯಾಗ ಇರ್ತಾರ.

ನಿಮ್ಮ,
ಗಂಗಾಂಬಿಕಾ


ಜಾನ್ಸ್ ಕ್ರೀಕ್
ಫೆಬ್ರವರಿ ೬, ೨೦೨೧

ಚಿ. ಸೌ. ಗಂಗಾಂಬಿಕಾಗೆ ಆಶೀರ್ವಾದಗಳು.

ಅಯ್ಯೋ, ತಪ್ಪಾಯ್ತಮ್ಮ. ಹೆಣ್ಣುಮಗಳೊಬ್ಬಳು, ಅದೂ ಲ್ಯಾಬ್ ಕೆಲಸದ ನಡುವೆ, ನನ್ನ ಪದಬಂಧ ಒಡೆದುಹಾಕಿದಳು ಅಂದರೆ ನಿಜಕ್ಕೂ ಸಂತೋಷ. ಯಜಮಾನರು ಆಶ್ಬರ್ನ್‌ನಲ್ಲಿ ಇದ್ದಾರೆ ಅಂದೆಯಲ್ಲ. ಕೆಲಸಕ್ಕೋಸ್ಕರ ದೂರ ಇರೋದು ಈ ದೇಶದಲ್ಲಿ ಇದ್ದದ್ದೇ. ಒಬ್ಬಳೇ ಸಂಸಾರ ತೂಗಿಸೋದು ಕಷ್ಟ, ಧೈರ್ಯವಾಗಿರು, ಒಂದಿನ ಬಂದೇ ಬರ್ತಾರೆ.

ಹೆಸರಿನ ವಿಷಯ ನಮ್ಮ ಕಾರ್ಯದರ್ಶಿ ಧೀರಜ್‌ಗೆ ಹೇಳಿದೆ. ಸ್ಪರ್ಧೆ ಇರೋದು ಸದಸ್ಯ ಕುಟುಂಬಗಳಿಗೆ, ಅದಕ್ಕೇ ಪಟ್ಟಿಯಲ್ಲಿರೋ ಹೆಸರನ್ನೇ ಹಾಕೋದು ಪದ್ಧತಿ ಅಂದ. ‘ಶ್ರೀ ಕಲ್ಮೇಶ್ ಮತ್ತು ಕುಟುಂಬ’ ಅಂತ ಹಾಕ್ತಾನಂತೆ. ಅದರಲ್ಲಿ ನೀನೂ ಬಂದೆಯಲ್ಲಮ್ಮ. ಇಷ್ಟಕ್ಕೆಲ್ಲ ಮನಸ್ಸು ಕಹಿ ಮಾಡ್ಕೋಬೇಡ.

ಪದಬಂಧ ಕಟ್ಟೋದು ಹೇಳಿದಷ್ಟು ಸುಲಭ ಅಲ್ಲ. ಹದಿನಾಲ್ಕು ವರ್ಷ ಒಬ್ಬನೇ ತಲೆ ಕೆಡಿಸಿಕೊಂಡು ಕಟ್ಟಿದವನ ಮಾತು ಇದು. ಕಷ್ಟ ಅನ್ನಿಸಿದರೆ ನಾನಿದ್ದೇನೆ.

ಇತಿ,
ಬದರಿನಾಥ


ರಾಲಿ
ಫೆಬ್ರವರಿ ೧೫, ೨೦೨೧

ಅಂಕಲ್,

ಮೊದಲ ಆ ‘ಸೌ.’ ತಗೀರಿ. ಕಲ್ಮೇಶ್ ಕೆಲಸದ ಮ್ಯಾಲ ಹೋಗಿಲ್ಲ. ನಮಗ ಹೋದ ಅಕ್ಟೋಬರ್‌ನ್ಯಾಗ ಡೈವೋರ್ಸ್ ಆಗೇತಿ. ಸಮಾಧಾನ ಹೇಳಬ್ಯಾಡ್ರಿ, ನಾನ ಕೇಳಿ ತಗೊಂಡದ್ದು. ‘ಒಂದಿನ ಬಂದೇ ಬರ್ತಾರೆ’ ಅಂತ ಬರದೀರಲ್ಲ, ಬಂದ್ರ ಬಾಗಲಾ ತಗಿಯಾಕಿ ನಾ ಅಲ್ಲ.

ಮದುವಿ ಆಗಿ ಹನ್ನೆರಡು ವರ್ಷ ನಾ ಏನ ಮಾಡಿದ್ರೂ ‘ಕಲ್ಮೇಶ್ ಮತ್ತು ಕುಟುಂಬ’. ನಿಮ್ಮ ಬಳಗದ ರಾಜ್ಯೋತ್ಸವಕ್ಕ ನೂರೈವತ್ತು ಮಂದಿಗೆ ಮಾದಲಿ ಮಾಡಿ ಶಾರ್ಲೆಟ್‌ತನಕ ಕಾರಿನ್ಯಾಗ ತಂದೆ, ಸ್ಟೇಜ್ ಮ್ಯಾಲ ಶಾಲು ಹೊಚ್ಚಿದ್ದು ಅವಗ. ಮಕ್ಕಳ ನಾಟಕ ಬರದೆ, ಮೈಕಿನ್ಯಾಗ ಥ್ಯಾಂಕ್ಸ್ ಅವಗ. ಅವನೂ ಒಂದ ದಿನಾ ‘ಇದು ಆಕಿ ಮಾಡಿದ್ದು’ ಅನ್ನಲಿಲ್ಲ. ಈಗ ಗಂಡನೂ ಇಲ್ಲ, ಆದ್ರೂ ಹೆಸರು ಅವಂದ? ಬಂಗಾರದಂಥ ಪದ್ಧತಿ ಬಿಡ್ರಿ ನಿಮ್ಮದು!

ಇನ್ನೊಂದು ಮಾತು. ನಿಮ್ಮ ಹಾಡು ನಮ್ಮ ಕಡೆ ಹಂಗಿಲ್ಲ. ಗದಗಿನ್ಯಾಗ ನಮ್ಮವ್ವ ಮಲ್ಲಮ್ಮ ಹೋಳಿಗಿ ಲಟ್ಟಿಸ್ಕೊಂತ ಹಾಡೂದು ಹಿಂಗ:

ಕಣಕ ನಾದಿದಾಕಿ ಯಾರ? ಚಿನ್ನಿ, ಚಿನ್ನಿ.
ಹೂರಣ ರುಬ್ಬಿದಾಕಿ ಯಾರ? ಚಿನ್ನಿ, ಚಿನ್ನಿ.
ಹೋಳಿಗಿ ತಿಂದಾಕಿ ಯಾರ? ಚಿನ್ನಿ, ಚಿನ್ನಿ.
ಗುಂಡಗೇನ ಉಳೀತ? ಖಾಲಿ ತಾಟ!

ನಿಮಗ ಬೇಕಾದದ್ದು ಗುಂಡ ಅನ್ನೂದು ಹೆಂಗ ಗೊತ್ತಾತು ಅಂದ್ರ, ಹನ್ನೊಂದು ವರ್ಷದಿಂದ ನಿಮ್ಮ ಪದಬಂಧ ಬಿಡಿಸೀನಿ. ಅದರಾಗ ಹೆಂಗಸರು ಒಂದೋ ಅಡಗಿ ಮಾಡ್ತಾರ, ಒಂದೋ ಜಡಿ ಹಾಕ್ಕೋತಾರ. ಅದಕ್ಕ ಹಲ್ಲು ಕಚ್ಚಿ ‘ಗುಂಡ’ ಅಂತ ಬರದೆ. ನನ್ನ ಮಗಳು ರಚನಾಗ ಒಂಬತ್ತು ವರ್ಷ. ಬಗ್ಗಿ ನೋಡಿ, ‘ಅಮ್ಮಾ, ಅವನು ಏನೂ ಡೂ ಮಾಡಿಲ್ಲ, ವೈ ಡಸ್ ಹೀ ಗೆಟ್ ಇಟ್?’ ಅಂದ್ಲು. ಸುಮ್ನಿರ, ಗೆಲ್ಲಬೇಕಾಗೇತಿ, ಗೆದ್ದ ಮ್ಯಾಲ ಮುಂದಿನ ವರ್ಷ ನಾನ ಹಾಡು ಸರಿ ಮಾಡ್ತೀನಿ ಅಂದೆ. ಮಗಳಿಗೆ ಕೊಟ್ಟ ಮಾತು ಅದು.

ನನ್ನ ಹೆಸರು ಹಾಕಸ್ರಿ. ಇಲ್ಲಾಂದ್ರ ಯಾರ ಹೆಸರೂ ಬ್ಯಾಡ.

ಗಂಗಾಂಬಿಕಾ


ರಾಲಿ
ಏಪ್ರಿಲ್ ೧೯, ೨೦೨೧

ಬದರಿನಾಥ ಅವರಿಗೆ,

ಎರಡು ತಿಂಗಳಾತು, ನಿಮ್ಮಿಂದ ಒಂದಕ್ಷರ ಇಲ್ಲ. ಅಂಕಲ್‌ಗ ಆರಾಮಿಲ್ಲೇನೋ, ಕೊರೋನಾ ಬಂತೇನೋ ಅಂತ ಹೆದರಿದ್ದೆ. ಹುಚ್ಚಿ ನಾನು. ನಿನ್ನೆ ‘ಹೊಂಗೆ’ ಬಂತು, ಎಲ್ಲಾ ಗೊತ್ತಾತು.

ಮೊದಲ ನೋಡಿದಾಕಿ ರಚನಾ. ಸಂಡೆ ಕ್ಲಾಸಿನ್ಯಾಗ ಅಕ್ಷರ ಕಲತಾಳ. ಬೆರಳಿಟ್ಟು ಒಂದೊಂದ ಕೂಡಿಸಿ ಓದಿದ್ಲು, ‘ಪದಬಂಧ ವಿಜೇತರು, ಶ್ರೀ ಕಲ್ಮೇಶ್ ಮತ್ತು ಕುಟುಂಬ.’ ಓದಿ ನನ್ನ ಮಾರಿ ನೋಡಿದ್ಲು. ‘ಅಪ್ಪ ವಿನ್ ಮಾಡಿದ್ರಾ? ನೀನು ಮಾಡಿದೆ ಅಂತ ಹೇಳಿದೆ. ಡಿಡ್ ಯು ಲೈ, ಅಮ್ಮಾ?’

ಹೇಳ್ರಿ, ಈ ಹುಡುಗಿಗೆ ಏನ ಹೇಳಲಿ? ಅಚ್ಚಾದದ್ದು ಖರೆ, ಅವ್ವ ಹೇಳಿದ್ದು ಸುಳ್ಳು ಅನ್ನೂ ವಯಸ್ಸು ಅಕಿದು. ನಾ ಐದು ವಾರ ಒರಸಿ ಒರಸಿ ತಿದ್ದಿದ ಕಚ್ಚಾ ಹಾಳಿ ತಂದು ತೋರಿಸಿದೆ. ನನ್ನ ಮನ್ಯಾಗ ನಾನ ಸಾಕ್ಷಿ ತೋರಿಸಬೇಕಾತು.

ಸಂಜಿಮುಂದ ಕಲ್ಮೇಶ್ ಫೋನ್. ಹದಿನೈದು ಮಂದಿ ಕಂಗ್ರಾಟ್ಸ್ ಹೇಳ್ಯಾರಂತ, ಎಲ್ಲಾರಿಗೂ ಇವ ಥ್ಯಾಂಕ್ಸ್ ಹೇಳ್ಯಾನ. ‘ಗಂಗಾ, ದೀಪಾವಳಿಗೆ ನಾನ ಪದಬಂಧ ಕೊಡಬೇಕಂತ ಧೀರಜ್ ಹೇಳಿದ. ನೀನ ಮಾಡಿ ಕಳಸು, ನನ್ನ ಹೆಸರಿನ್ಯಾಗ ಹೋಗ್ಲಿ. ನಿನಗೇನ ತ್ರಾಸು?’ ಅಂದ. ತ್ರಾಸಿಲ್ಲ, ನಾಚಿಕಿ ಐತಿ, ಇಬ್ಬರದೂ ನಾನ ಪಡಬೇಕಾಗೇತಿ ಅಂತ ಹೇಳಿ ಫೋನ್ ಇಟ್ಟೆ.

ಅವಂದು ಬಿಡ್ರಿ. ಕೇಳೂದು ನಿಮ್ಮನ್ನ. ನನ್ನ ಪತ್ರ ನಿಮ್ಮ ಕೈಯಾಗಿತ್ತು. ಆ ಪುಟ ಅಚ್ಚಿಗೆ ಹೋಗೂ ಮೊದಲು ನೋಡಿದವರು ಯಾರು?

ಗಂಗಾಂಬಿಕಾ


ಜಾನ್ಸ್ ಕ್ರೀಕ್
ಮೇ ೨, ೨೦೨೧

ಗಂಗಾಂಬಿಕಾ ಅವರಿಗೆ,

ನಾನೇ. ಆ ಪುಟದ ಕರಡು ತಿದ್ದಿದವನು ನಾನೇ. ‘ಕುಟುಂಬ’ ಅನ್ನೋದರಲ್ಲಿ ಒಂದು ಸೊನ್ನೆ ಬಿಟ್ಟುಹೋಗಿತ್ತು, ಕೆಂಪು ಶಾಯಿಯಲ್ಲಿ ಸೇರಿಸಿ ವಾಪಸ್ ಕಳಿಸಿದೆ. ಹೆಸರು ಮುಟ್ಟಲಿಲ್ಲ.

ಧೀರಜ್ ಮೇಲೆ ಹಾಕಿ ತಪ್ಪಿಸಿಕೊಳ್ಳಬಹುದಿತ್ತು. ನಾಲ್ಕು ಸಲ ಹಾಗೇ ಬರೆದೆ, ಹರಿದುಹಾಕಿದೆ. ನಿಜ ಏನು ಅಂದರೆ, ಕಲ್ಮೇಶ್ ಪದಬಂಧ ಕಟ್ಟಲಾರರು ಅಂತ ನಿಮ್ಮ ಮೊದಲ ಪತ್ರದಲ್ಲೇ ತಿಳಿಯಿತು. ಅವರ ಹೆಸರು ಬಂದರೆ ದೀಪಾವಳಿ ಹತ್ತಿರ ಬಂದಾಗ ಅವರು ಕೈಯೆತ್ತುತ್ತಾರೆ, ಪದಬಂಧ ಮತ್ತೆ ನನ್ನ ಕೈಗೇ ಬರುತ್ತೆ. ನೀವಾದರೆ ಬಿಡುವವರಲ್ಲ. ಎಪ್ಪತ್ತೆರಡು ವರ್ಷ ನನಗೆ. ಇಲ್ಲಿ ನನ್ನನ್ನ ಮಾತಾಡಿಸುವವರೆಲ್ಲ ‘ಪದಬಂಧದ ಅಂಕಲ್’ ಅಂತಲೇ ಮಾತಾಡಿಸೋದು. ಅದು ಹೋದರೆ ನಾನು ಯಾರು ಅನ್ನೋ ಭಯ. ಎಂಥ ನೀಚತನ ಅಂತ ಈಗ ಗೊತ್ತಾಗ್ತಿದೆ.

ಇಷ್ಟೇ ಅಲ್ಲ. ನಿಮ್ಮ ಪತ್ರಗಳನ್ನ ನನ್ನ ಹೆಂಡತಿ ಉಷಾಗೆ ತೋರಿಸಿರಲಿಲ್ಲ. ನಿಘಂಟಿನೊಳಗೆ ಬಚ್ಚಿಟ್ಟಿದ್ದೆ. ಈ ಮನೆಯಲ್ಲಿ ನಿಘಂಟು ತೆಗೆಯೋಳು ಅವಳೇ ಅನ್ನೋದು ನನಗೆ ಹೊಳೆಯಲೇ ಇಲ್ಲ ನೋಡಿ. ಮೊನ್ನೆ ಊಟಕ್ಕೆ ಕೂತಾಗ ಮೂರೂ ಪತ್ರವನ್ನ ತಟ್ಟೆ ಪಕ್ಕದಲ್ಲಿಟ್ಟು, ‘ಒಬ್ಬನೇ ತಲೆ ಕೆಡಿಸಿಕೊಂಡು ಕಟ್ಟಿದ್ದು ಅಂತ ಈ ಹುಡುಗಿಗೂ ಬರೆದಿರೇನು?’ ಅಂದಳು.

ಚೌಕ ಹಾಕಿ ಪದ ಕೂರಿಸೋದು ಅವಳು. ಹೂ, ರಣ ಅವಳಿಗೆ ಹೊಳೆದದ್ದು. ಕಣಕ ಅವಳದು. ಆ ಹಾಡು ಅವಳ ತಾಯಿಯದು. ಕೆಲವು ಸುಳಿವು ಮಾತ್ರ ನನ್ನವು, ಮತ್ತೆ ಕೆಳಗಿನ ಹೆಸರು. ಹದಿನಾಲ್ಕು ವರ್ಷ ಇದನ್ನ ಯಾರಿಗೂ ಹೇಳಿಲ್ಲ, ಯಾರೂ ಕೇಳಲೂ ಇಲ್ಲ.

‘ನಾನು ಹೇಳಬೇಕಾಗಿದ್ದನ್ನ ಅವಳು ಹೇಳಿಬಿಟ್ಟಳು, ಇನ್ಮೇಲೆ ನಿಮ್ಮ ಚೌಕ ನೀವೇ ಹಾಕ್ಕೊಳ್ಳಿ’ ಅಂತ ಎದ್ದುಹೋದಳು. ನಾಲ್ಕು ದಿನ ಕೂತು ನೋಡಿದೆ. ಏಳು ಪದದ ಮೇಲೆ ಎಂಟನೆಯದು ಕೂರಲಿಲ್ಲ. ಕ್ಷಮಿಸಿ ಅಂತ ಕೇಳೋಕೂ ಮುಖ ಇಲ್ಲ.

ಬದರಿನಾಥ


ರಾಲಿ
ಮೇ ೧೧, ೨೦೨೧

ಬದರಿನಾಥ ಅವರಿಗೆ,

ಎರಡು ಸಲ ಓದಿದೆ. ಖರೆ ಬರದೀರಿ ಅಂತ ಉತ್ತರ ಬರೀಲಿಕ್ಕತ್ತೀನಿ, ಕ್ಷಮಾ ಮಾಡೀನಿ ಅಂತಲ್ಲ. ನನಗ ಗುಟ್ಟಾಗಿ ಹೇಳಿದ್ರ ಏನ ಬಂತು? ಬಳಗದ ಮುಂದ ಹೇಳ್ರಿ. ಅಲ್ಲೀತನಕ ನನಗ ಪತ್ರ ಬ್ಯಾಡ.

ಉಷಾ ಆಂಟಿಗೆ ನನ್ನ ಶರಣು ಹೇಳ್ರಿ. ಅದನ್ನ ಮಾತ್ರ ನಿಘಂಟಿನ್ಯಾಗ ಇಡಬ್ಯಾಡ್ರಿ.

ಗಂಗಾಂಬಿಕಾ


ಜಾನ್ಸ್ ಕ್ರೀಕ್
ಸೆಪ್ಟೆಂಬರ್ ೧೪, ೨೦೨೧

ಗಂಗಾಂಬಿಕಾ ಅವರಿಗೆ,

ಹೇಳಿದೆ. ಭಾನುವಾರ ಬಳಗದ ವಾರ್ಷಿಕ ಸಭೆ ಜೂಮ್‌ನಲ್ಲಿತ್ತು, ಎಂಬತ್ತು ಜನ ಇದ್ದರು. ಪದಬಂಧ ಬಿಡಿಸಿದ್ದು ಗಂಗಾಂಬಿಕಾ, ಇಷ್ಟು ವರ್ಷ ಕಟ್ಟಿದ್ದು ಉಷಾ, ಎರಡು ಕಡೆಯೂ ತಪ್ಪು ಹೆಸರು ಬಂದಿದೆ ಅಂದೆ. ಅರ್ಧ ಮಾತು ಮುಗಿದ ಮೇಲೆ ‘ಅಂಕಲ್, ಮ್ಯೂಟ್‌ನಲ್ಲಿದ್ದೀರಿ’ ಅಂದರು. ಮತ್ತೆ ಮೊದಲಿನಿಂದ ಹೇಳಿದೆ. ಧೀರಜ್, ‘ಇದು ಫ್ಯಾಮಿಲಿ ಮ್ಯಾಟರ್ ಅಂಕಲ್, ಆಮೇಲೆ ಡಿಸ್ಕಸ್ ಮಾಡೋಣ’ ಅಂತ ಊಟದ ವಿಷಯಕ್ಕೆ ಹೋದ.

ಆಮೇಲೆ ಸಮಿತಿಯವರು ಸೇರಿ ಒಂದು ದಾರಿ ಮಾಡಿದ್ದಾರೆ. ನಿಮ್ಮ ಪದಬಂಧವನ್ನ ದೀಪಾವಳಿ ಸಂಚಿಕೆಯಲ್ಲಿ ಹಾಕುತ್ತಾರೆ. ಹೆಸರು ಮಾತ್ರ ದಾಖಲೆಯ ಪ್ರಕಾರ ‘ಶ್ರೀಮತಿ ಗಂಗಾಂಬಿಕಾ ಕಲ್ಮೇಶ್’. ಯುಗಾದಿಯ ತಪ್ಪಿನ ಬಗ್ಗೆ ಏನೂ ಬರೆಯೋದಿಲ್ಲ. ಹಾಡು ಹಾಕಿದರೆ ಎಲ್ಲರಿಗೂ ಗೊತ್ತಿರೋ ಹಾಗೇ ಇರಬೇಕು.

ಸಿಕ್ಕಷ್ಟು ತಗೊಳ್ಳಿ ಅಂತ ನನ್ನ ಬುದ್ಧಿ ಹೇಳುತ್ತೆ. ಖಂಡಿತ ಒಪ್ಪಬೇಡ ಅಂತ ಉಷಾ ಹೇಳ್ತಾಳೆ. ಎರಡನ್ನೂ ಬರೆಯಲೇಬೇಕು ಅಂತ ಪಕ್ಕದಲ್ಲೇ ನಿಂತಿದ್ದಾಳೆ.

ಬದರಿನಾಥ


ರಾಲಿ
ಅಕ್ಟೋಬರ್ ೧೨, ೨೦೨೧

ಬದರಿನಾಥ ಅಂಕಲ್‌ಗೆ ಶರಣು.

ಎಂಬತ್ತು ಮಂದಿ ಮುಂದ ಎರಡು ಸಲ ಹೇಳಿದ್ರಿ. ಅದಕ್ಕ ಮತ್ತ ‘ಅಂಕಲ್’ ಅಂದೆ.

ಉಷಾ ಆಂಟಿ ಮಾತು ಕೇಳೀನಿ. ಸಮಿತಿ ಹೇಳಿದ್ದು ಒಪ್ಪಿಲ್ಲ. ಡೈವೋರ್ಸ್ ಪೇಪರಿನ್ಯಾಗ ಜಡ್ಜ್ ಬಿಡಿಸಿದ ಹೆಸರನ್ನ ಧೀರಜ್ ಮತ್ತ ನನಗ ಕಟ್ಟತಾನೇನು? ಸಮಿತಿಗೆ ನಾಕ ಸಾಲು ಬರದು ಹಾಕೀನಿ: ಯುಗಾದಿಯೊಳಗ ತಪ್ಪು ಮಾಡೀರಿ, ಅದ ಅಕ್ಷರದಾಗ, ಅದ ಜಾಗದಾಗ ತಿದ್ದರಿ. ತಿದ್ದೂತನಕ ನನ್ನ ಪದಬಂಧ ನಿಮಗ ಸಿಗೂದಿಲ್ಲ.

ಸಿಗೂದಿಲ್ಲ ಅಂದ್ರ ನಿಲ್ಲೂದಿಲ್ಲ ಮತ್ತ. ಪದಬಂಧ ಕಟ್ಟೀನಿ. ಇಪ್ಪತ್ತೆಂಟು ಪದ, ಅದ ಹಾಡು, ನಮ್ಮವ್ವ ಹಾಡಿದಂಗ, ನಡುವ ಸುಳಿವಿಲ್ಲದ ಅವ ಎರಡು ಮನಿ. ಕೆಳಗ ‘ಗಂಗಾಂಬಿಕಾ, ರಾಲಿ’. ಲೈಬ್ರರಿಯೊಳಗ ಎರಡುನೂರಾ ನಲವತ್ತು ಕಾಪಿ ತಗದು, ನಾನೂ ರಚನಾನೂ ಡೈನಿಂಗ್ ಟೇಬಲ್ ಮ್ಯಾಲ ಮೂರು ದಿನ ಕುಂತು ಲಕೋಟಿ ಮಾಡೀವಿ. ಅಟ್ಲಾಂಟಾ, ಶಾರ್ಲೆಟ್, ಆಶ್ಬರ್ನ್, ಬಳಗದ ಎಲ್ಲಾ ಮನಿಗೂ ಹೋಗೇತಿ. ಒಂದ ಮನಿಗೆ ಒಂದಲ್ಲ, ಗಂಡಗೊಂದು, ಹೆಂಡತಿಗೊಂದು, ಇಬ್ಬರ ಹೆಸರೂ ಬ್ಯಾರೆ ಬ್ಯಾರೆ ಬರದು. ಎಷ್ಟೋ ಮನಿ ಹೆಂಗಸರ ಹೆಸರು ಪಟ್ಟಿಯೊಳಗ ಇರಲಿಲ್ಲ, ಒಬ್ಬೊಬ್ಬರಿಗೂ ಫೋನ್ ಮಾಡಿ ಕೇಳಿದೆ. ಒಬ್ಬಾಕಿ, ‘ನನ್ನ ಹೆಸರಾ? ಯಾಕ್ರಿ?’ ಅಂತ ಗಾಬರಿಯಾದ್ಲು.

ನಿನ್ನೆ ಧೀರಜ್ ಫೋನ್ ಮಾಡಿದ್ದ. ಬಳಗದ ವಿಳಾಸ ಬಳಸೀರಿ, ನಿಮ್ಮ ಸದಸ್ಯತ್ವ ಕ್ಯಾನ್ಸಲ್ ಮಾಡ್ತೀವಿ ಅಂದ. ಮಾಡೋ ತಮ್ಮಾ, ಅದು ಕಲ್ಮೇಶ್ ಹೆಸರಿನ್ಯಾಗ ಐತಿ, ರದ್ದಾದ್ರ ಅವಂದ ರದ್ದಾಗತೈತಿ ಅಂದೆ.

ನಿಮ್ಮ ಮನಿಗೂ ಎರಡು ಹಾಕೀನಿ. ನವೆಂಬರ್ ಹದಿನೈದು ಕಡೀ ದಿನ. ನೋಡೂಣು ನಿಮ್ಮ ಗಂಡಸ್ತನ, ಒಬ್ಬರ ಕುಂತು ಬಿಡಸ್ರಿ!

ಗಂಗಾಂಬಿಕಾ


ರಾಲಿ
ನವೆಂಬರ್ ೨೦, ೨೦೨೧

ಬದರಿನಾಥ ಅಂಕಲ್‌ಗೆ ಶರಣು.

ಅರವತ್ಮೂರು ಉತ್ತರ ಬಂದಾವ. ನಿಮ್ಮ ಪದಬಂಧಕ್ಕ ನಲವತ್ತೊಂದ, ಹೊಟ್ಟಿ ಉರಕೋಬ್ಯಾಡ್ರಿ. ನಲವತ್ತಾರು ಹೆಂಗಸರವು. ರಚನಾ ಒಂದೊಂದ ಲಕೋಟಿ ಒಡದು ಹೆಸರು ಜೋರಾಗಿ ಓದಿದ್ಲು, ನಾ ಪಟ್ಟಿಯೊಳಗ ಬರಕೊಂಡೆ. ‘ಹೊಂಗೆ’ಯವರು ಈ ಸಲ ಪದಬಂಧದ ಪುಟದಾಗ ಹಬ್ಬದ ರೆಸಿಪಿ ಹಾಕ್ಯಾರ. ತಿದ್ದುಪಡಿ ಹಾಕಿಲ್ಲ. ಯುಗಾದಿಗೆ ಮತ್ತ ಕೇಳ್ತೀನಿ, ಹಾಕೂತನಕ ಕೇಳ್ತೀನಿ.

ಆಶ್ಬರ್ನ್‌ದಿಂದನೂ ಒಂದು ಬಂದೈತಿ. ಇಪ್ಪತ್ತೆಂಟರಾಗ ಒಂಬತ್ತು ಸರಿ. ಒಂಬತ್ತಕ್ಕೂ ಮಾರ್ಕ್ ಕೊಟ್ಟೀನಿ, ಅರ್ಧಾನೂ ಹಿಡದಿಲ್ಲ. ಕೆಳಗ ತನ್ನ ಹೆಸರು ಬರದು ತಾನ ಸಹಿ ಮಾಡ್ಯಾನ, ಅಷ್ಟರ ಮಟ್ಟಿಗೆ ಸುಧಾರಿಸ್ಯಾನ.

ನಿಮ್ಮದು ನೋಡಿದೆ. ಇಪ್ಪತ್ತೇಳು ಸರಿ. ಖರೇನ ಚಲೋ ಬಿಡಿಸೀರಿ, ಮನ್ಯಾಗ ಯಾರನ್ನೂ ಕೇಳದ ಬಿಡಿಸೀರಿ ಅನ್ನೂದೂ ಒರಸಿದ ಗುರುತಿನ್ಯಾಗ ಕಾಣತೈತಿ. ಆದ್ರ ನಡುವಿನ ಎರಡು ಮನಿ ಖಾಲಿ ಬಿಟ್ಟೀರಿ. ‘ಗುಂಡ’ ಅಂತ ಬರದು ಒರಸೀರಿ. ‘ಚಿನ್ನಿ’ ಅಂತ ಬರಿಯಾಕ ಕೈ ಏಳಲಿಲ್ಲೇನು? ಇರ್ಲಿ, ಎಪ್ಪತ್ತೆರಡು ವರ್ಷದ ಕೈ, ಒಮ್ಮಿಗೆ ಹೊಳ್ಳೂದಿಲ್ಲ. ಆದ್ರ ತಪ್ಪು ತಪ್ಪ. ನೀವು ಸೋತೀರಿ.

ಎಲ್ಲಾ ಸರಿ ಇದ್ದದ್ದು ಒಂದ. ಕೆಳಗ ದೊಡ್ಡ ಅಕ್ಷರದಾಗ ‘ಉಷಾ, ಜಾನ್ಸ್ ಕ್ರೀಕ್’ ಅಂತ ಸಹಿ ಐತಿ. ಹೆಸರಿನ ಮ್ಯಾಲ ಪೆನ್ನು ಎರಡು ಸಲ ಆಡಿಸ್ಯಾರ, ಹಾಳಿ ಹರಿಯೂವಷ್ಟು ಒತ್ತಿ. ಅದನ್ನ ನೋಡಿ ನಾ ಅತ್ತೆ, ಅಂಕಲ್. ಸುಳ್ಳು ಯಾಕ ಹೇಳಲಿ.

ಗೆದ್ದ ಸುದ್ದಿ ಅವರಿಗೆ ನಾನ ಹೇಳಬೇಕು, ನೀವಲ್ಲ. ಇದರ ಜೋಡಿ ಇನ್ನೊಂದು ಲಕೋಟಿ ಹಾಕೀನಿ. ಮ್ಯಾಲ ಉಷಾ ಅಂತಷ್ಟ ಐತಿ. ಅವರ ಕೈಯಾಗ ಕೊಡ್ರಿ, ನೀವು ಒಡೀಬ್ಯಾಡ್ರಿ.

ಗಂಗಾಂಬಿಕಾ